ಎರಡು ವಿಶ್ವವಿದ್ಯಾಲಯಗಳು, ಒಂದು ನಿರ್ಧಾರ

ದ್ವಿತೀಯ ಪಿ.ಯು.ಸಿ. ಫಲಿತಾಂಶ ಹೊರಬಿದ್ದ ನಂತರದ ವಾರಗಳಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆ ಮೊದಲೆಲ್ಲ ಒಂದೇ ಬಗೆಯದಾಗಿತ್ತು. ಇಂಜಿನಿಯರಿಂಗ್, ನರ್ಸಿಂಗ್, ಬಿ.ಕಾಂ. ಇವುಗಳಲ್ಲಿ ಯಾವುದು ಎಂಬಲ್ಲಿಗೆ ಅದು ಮುಗಿಯುತ್ತಿತ್ತು. ಕೋರ್ಸು ತೀರ್ಮಾನವಾದ ಮೇಲೆ ಕಾಲೇಜಿನ ಆಯ್ಕೆ ಬಹುಮಟ್ಟಿಗೆ ಬಸ್ಸಿನ ದಾರಿಯನ್ನೂ ಶುಲ್ಕದ ಮೊತ್ತವನ್ನೂ ಅವಲಂಬಿಸಿತ್ತು. ಈಚಿನ ವರ್ಷಗಳಲ್ಲಾದರೋ ಹೊಸದೊಂದು ಪ್ರಶ್ನೆ ನಮ್ಮ ಮುಂದೆ ಬರುತ್ತಿದೆ. ಎರಡು ವಿಶ್ವವಿದ್ಯಾಲಯಗಳಲ್ಲಿ ಸೀಟು ದೊರೆಯುವಂತಿರುವಾಗ ಮಗುವನ್ನು ಯಾವುದಕ್ಕೆ ಸೇರಿಸಬೇಕು?

ಈ ಬೇಸಿಗೆಯಲ್ಲಿ ಇಂಥದೇ ಪ್ರಶ್ನೆಯನ್ನು ಹೊತ್ತು ತಂದೆ, ತಾಯಿ, ಮಗಳು ನಮ್ಮಲ್ಲಿಗೆ ಬಂದಿದ್ದರು. ತಂದೆ ಹಲವು ವರ್ಷ ಗಲ್ಫಿನಲ್ಲಿ ದುಡಿದು ಊರಿಗೆ ಮರಳಿ ಸಣ್ಣದೊಂದು ಬೇಕರಿ ನಡೆಸುತ್ತಿರುವವರು. ಮಗಳು ವಾಣಿಜ್ಯ ವಿಭಾಗದಲ್ಲಿ ಎಚ್.ಇ.ಬಿ.ಎ. ಓದಿ ಅರ್ಥಶಾಸ್ತ್ರದಲ್ಲಿ ಉತ್ತಮ ಅಂಕ ಗಳಿಸಿದವಳು. ಮುಂದೆಯೂ ಅದನ್ನೇ ಓದುವೆನೆಂದು ಹಟ ಹಿಡಿದಿದ್ದಳು. ಒಂದು ಕಡೆ ಮಂಗಳೂರಿನ ಸಂತ ಅಲೋಶಿಯಸ್ ಡೀಮ್ಡ್ ವಿಶ್ವವಿದ್ಯಾಲಯ, ಇನ್ನೊಂದು ಕಡೆ ಬೆಂಗಳೂರಿನ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ವಿಶ್ವವಿದ್ಯಾಲಯ. ಇಡೀ ಸಂಸ್ಥೆಯೇ ಅರ್ಥಶಾಸ್ತ್ರಕ್ಕಾಗಿ ಇರುವಾಗ ಅಲ್ಲಿಗೇ ಹೋಗಲಿ ಎಂಬುದು ತಂದೆಯ ಅಭಿಪ್ರಾಯ. ಹುಡುಗಿ ಕಣ್ಣಳತೆಯಲ್ಲಿರಲಿ, ನಮ್ಮವರದೇ ಸಂಸ್ಥೆ ಊರಿನಲ್ಲಿರುವಾಗ ಅಷ್ಟು ದೂರವೇಕೆ ಎಂಬುದು ತಾಯಿಯ ಅಳಲು. ಮಗಳು ಮೌನವಾಗಿದ್ದಳು. ಕೊನೆಗೆ ತಂದೆ ಕೇಳಿದರು: “ಫಾದರ್, ಇವೆರಡರಲ್ಲಿ ದೊಡ್ಡದು ಯಾವುದು?”

ಈ ಪ್ರಶ್ನೆ ಒಂದು ಮನೆಯದಲ್ಲ. ಆದಕಾರಣ ಆ ಕುಟುಂಬದೊಡನೆ ನಾವು ಆಡಿದ ಮಾತುಗಳನ್ನು ಇಲ್ಲಿ ಕೊಂಚ ವಿಸ್ತರಿಸಿ ಬರೆಯುತ್ತಿದ್ದೇವೆ.

ಮೊದಲು ಈ ಪ್ರಶ್ನೆ ಹುಟ್ಟಿದ್ದಾದರೂ ಹೇಗೆಂಬುದನ್ನು ಗಮನಿಸಬೇಕು. ನಾವು ಓದುತ್ತಿದ್ದ ಕಾಲದಲ್ಲಿ ಸಾಮಾನ್ಯ ವಿದ್ಯಾರ್ಥಿ ವಿಶ್ವವಿದ್ಯಾಲಯವನ್ನು ಆರಿಸಿಕೊಳ್ಳುತ್ತಿರಲಿಲ್ಲ. ಆರಿಸಿಕೊಳ್ಳುತ್ತಿದ್ದುದು ಕಾಲೇಜನ್ನು ಮಾತ್ರ. ಕರಾವಳಿಯ ಕಾಲೇಜುಗಳು ಮೊದಲು ಮದರಾಸು, ಅನಂತರ ಮೈಸೂರು, 1980ರಿಂದ ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಯಾವ ಕಾಲೇಜಿಗೆ ಹೋದರೂ ಪಠ್ಯಕ್ರಮ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಪದವಿಪತ್ರದ ಮೇಲಿನ ಮೊಹರೂ ಒಂದೇ. ಬೋಧಕರ ಶ್ರದ್ಧೆಯಲ್ಲಿ, ಗ್ರಂಥಾಲಯದಲ್ಲಿ, ಶಿಸ್ತಿನಲ್ಲಿ ಭೇದವಿತ್ತೇ ಹೊರತು ಓದಬೇಕಾದ ವಿಷಯದಲ್ಲಿ ಇರಲಿಲ್ಲ.

ಆ ವ್ಯವಸ್ಥೆ ಈಗ ಸಡಿಲಗೊಂಡಿದೆ. ಇಟಲಿಯ ಯೇಸುಸಭೆಯ ಗುರುಗಳು 1880ರಲ್ಲಿ ಸ್ಥಾಪಿಸಿದ ಸಂತ ಅಲೋಶಿಯಸ್ ಕಾಲೇಜು 2007ರಲ್ಲಿ ಸ್ವಾಯತ್ತವಾಯಿತು, 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. 1882ರಲ್ಲಿ ಆರಂಭವಾದ ಬೆಂಗಳೂರಿನ ಸಂತ ಜೋಸೆಫರ ಕಾಲೇಜು 2022ರಲ್ಲಿ ವಿಶ್ವವಿದ್ಯಾಲಯವಾಗಿ ಉದ್ಘಾಟನೆಗೊಂಡಿತು. ಇತ್ತ ರಾಜ್ಯ ಸರ್ಕಾರ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸನ್ನು ಮಾದರಿಯಾಗಿಟ್ಟುಕೊಂಡು ಅಂಬೇಡ್ಕರರ ಹೆಸರಿನಲ್ಲಿ ಸ್ಥಾಪಿಸಿದ ಅರ್ಥಶಾಸ್ತ್ರ ಸಂಸ್ಥೆಯನ್ನು 2017ರಲ್ಲಿ ಸ್ವತಃ ಅರ್ಥಶಾಸ್ತ್ರಜ್ಞರಾಗಿದ್ದ ಮಾಜಿ ಪ್ರಧಾನಿ ಮನಮೋಹನ ಸಿಂಗರು ಉದ್ಘಾಟಿಸಿದರು. ಜ್ಞಾನಭಾರತಿಯಲ್ಲಿರುವ ಅದರ ಹೊಸ ಆವರಣವನ್ನು 2022ರಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಉದ್ಘಾಟಿಸಿದರು. ಹೀಗೆ ಪ್ರತಿಯೊಂದು ಸಂಸ್ಥೆಯೂ ತನ್ನ ಪಠ್ಯಕ್ರಮವನ್ನು ತಾನೇ ರಚಿಸಿ, ತಾನೇ ಪರೀಕ್ಷೆ ನಡೆಸಿ, ತಾನೇ ಪದವಿ ನೀಡುವ ಕಾಲ ಬಂದಿದೆ.

ಇದರ ಪರಿಣಾಮವನ್ನು ಹೆತ್ತವರು ಇನ್ನೂ ಪೂರ್ತಿ ಗ್ರಹಿಸಿದಂತೆ ಕಾಣುವುದಿಲ್ಲ. ಎರಡು ಪದವಿಪತ್ರಗಳ ಮೇಲೆ ‘ಅರ್ಥಶಾಸ್ತ್ರ’ ಎಂಬ ಒಂದೇ ಪದವಿದ್ದರೂ ಒಳಗಿನ ಸರಕು ಬೇರೆಯಾಗಿರಬಹುದು. ಹಿಂದೆ ಆ ಸರಕಿನ ಹೊಣೆಯನ್ನು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ ಹೊತ್ತಿತ್ತು. ಇಂದು ಅದನ್ನು ಪರಿಶೀಲಿಸುವ ಹೊಣೆ ಕುಟುಂಬದ ಮೇಲೆ ಬಿದ್ದಿದೆ. ಆದುದರಿಂದ ಯಾವುದು ದೊಡ್ಡದು ಎಂದು ಕೇಳುವ ಬದಲು, ಯಾವುದರಲ್ಲಿ ಏನನ್ನು ಕಲಿಸುತ್ತಾರೆ, ಅದನ್ನು ಕಲಿಯಲು ನಮ್ಮ ಮಗು ಸಿದ್ಧವಿದೆಯೇ ಎಂದು ಕೇಳುವುದು ಯುಕ್ತ. ನಾವು ಆ ತಂದೆಗೆ ಕೊಟ್ಟ ಮೊದಲ ಉತ್ತರ ಇದೇ.

ಅರ್ಥಶಾಸ್ತ್ರವೆಂದರೇನೆಂಬ ಕಲ್ಪನೆಯಲ್ಲೇ ನಮ್ಮಲ್ಲಿ ಗೊಂದಲವಿದೆ. ‘ಎಕನಾಮಿಕ್ಸ್’ ಎಂಬ ಪದದ ಗ್ರೀಕ್ ಮೂಲಕ್ಕೆ ಮನೆವಾರ್ತೆ ನಡೆಸುವುದು ಎಂದರ್ಥ. ಅರಿಸ್ಟಾಟಲನು ತನ್ನ ರಾಜನೀತಿಯ ಗ್ರಂಥದಲ್ಲಿ ಮನೆವಾರ್ತೆಯನ್ನೂ ಬರಿಯ ಹಣ ಕೂಡಿಡುವ ಕಲೆಯನ್ನೂ ಬೇರೆ ಬೇರೆಯಾಗಿ ಗುರುತಿಸಿದ್ದಾನೆ. ಬದುಕಿಗೆ ಬೇಕಾದುದನ್ನು ಒದಗಿಸುವುದಕ್ಕೆ ಒಂದು ಮಿತಿಯುಂಟು, ಹಣ ಕೂಡಿಡುವುದಕ್ಕೆ ಮಿತಿಯೇ ಇಲ್ಲ ಎಂಬುದು ಅವನ ವಿಚಾರದ ತಿರುಳು. 1776ರಲ್ಲಿ ರಾಷ್ಟ್ರಗಳ ಸಂಪತ್ತನ್ನು ಕುರಿತು ಬರೆದ ಆಡಮ್ ಸ್ಮಿತ್ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕನಾಗಿದ್ದವನು. ತತ್ತ್ವಶಾಸ್ತ್ರದ ಮನೆಯಲ್ಲಿ ಹುಟ್ಟಿದ ಈ ಮಗು ಬೆಳೆದು ಗಣಿತದ ಮನೆಗೆ ಹೋಗಿ ನೆಲೆಸಿದೆ ಎನ್ನಬಹುದು. ಇಂದು ಪದವಿ ಮಟ್ಟದ ಅರ್ಥಶಾಸ್ತ್ರವನ್ನು ಗಂಭೀರವಾಗಿ ಓದಬಯಸುವವರಿಗೆ ಕಲನಶಾಸ್ತ್ರ ಬೇಕು, ಸಂಖ್ಯಾಶಾಸ್ತ್ರ ಬೇಕು, ಅಂಕಿಅಂಶಗಳಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ಎಕನಾಮೆಟ್ರಿಕ್ಸ್ ಬೇಕು. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್ ಪದವಿಗೆ ಗಣಿತದ ಅಂಕಗಳಿಲ್ಲದೆ ಪ್ರವೇಶವೇ ಇಲ್ಲ.

ನಮ್ಮ ವಾಣಿಜ್ಯ ವಿಭಾಗದ ಮಕ್ಕಳು ಎಡವುವುದು ಇಲ್ಲಿಯೇ. ಎಚ್.ಇ.ಬಿ.ಎ. ಓದಿದವರಿಗೆ ಹತ್ತನೆಯ ತರಗತಿಯ ನಂತರ ಗಣಿತದ ಸಂಪರ್ಕವಿರುವುದಿಲ್ಲ. ಎಸ್.ಇ.ಬಿ.ಎ. ತೆಗೆದುಕೊಂಡವರಿಗೆ ಸಂಖ್ಯಾಶಾಸ್ತ್ರವಾದರೂ ಇರುತ್ತದೆ, ಕೆಲವರು ಬೇಸಿಕ್ ಮ್ಯಾಥ್ಸ್ ಓದಿರುತ್ತಾರೆ. ಪಿ.ಯು.ಸಿ.ಯಲ್ಲಿ ಬೇಡಿಕೆ ರೇಖೆಯನ್ನು ಬರೆದು ವಿವರಿಸಿ ನೂರಕ್ಕೆ ತೊಂಬತ್ತೆಂಟು ಪಡೆದ ವಿದ್ಯಾರ್ಥಿಗೆ ಪದವಿಯ ಮೊದಲ ಸೆಮಿಸ್ಟರಿನಲ್ಲಿ ಅದೇ ರೇಖೆಯನ್ನು ಸಮೀಕರಣದಿಂದ ನಿರೂಪಿಸು ಎಂದಾಗ ದಿಗಿಲಾಗುತ್ತದೆ. ಇದು ಬುದ್ಧಿಯ ಕೊರತೆಯಲ್ಲ, ಸಿದ್ಧತೆಯ ಕೊರತೆ. ಆದರೆ ಸೇರುವ ಮೊದಲೇ ತಿಳಿದಿರಬೇಕಾದ ಕೊರತೆ.

ಹಾಗಾದರೆ ಎರಡು ಪಠ್ಯಕ್ರಮಗಳನ್ನು ಎದುರಿಗಿಟ್ಟುಕೊಂಡು ನೋಡಬೇಕಾದುದೇನು? ಸೂಕ್ಷ್ಮ ಅರ್ಥಶಾಸ್ತ್ರ ಮತ್ತು ಸಮಗ್ರ ಅರ್ಥಶಾಸ್ತ್ರಗಳನ್ನು ಎಷ್ಟು ಸೆಮಿಸ್ಟರುಗಳಲ್ಲಿ ಬೋಧಿಸುತ್ತಾರೆ ಎಂಬುದನ್ನು ನೋಡಬೇಕು. ಗಣಿತ, ಸಂಖ್ಯಾಶಾಸ್ತ್ರ, ಎಕನಾಮೆಟ್ರಿಕ್ಸ್ ಕಡ್ಡಾಯವೋ ಐಚ್ಛಿಕವೋ ಎಂಬುದನ್ನು ನೋಡಬೇಕು. ಭಾರತದ ಅರ್ಥವ್ಯವಸ್ಥೆ, ಕೃಷಿ, ಕಾರ್ಮಿಕರ ಸ್ಥಿತಿ, ಸಾರ್ವಜನಿಕ ಹಣಕಾಸು ಇವುಗಳಿಗೆ ಸ್ಥಳವಿದೆಯೋ ಇಲ್ಲವೋ ಎಂಬುದನ್ನು ಅಷ್ಟೇ ಎಚ್ಚರದಿಂದ ನೋಡಬೇಕು. ಲೆಕ್ಕವನ್ನಷ್ಟೇ ಕಲಿತು ಹಳ್ಳಿಯ ಸಂತೆಯನ್ನು ಅರಿಯದವನೂ, ಸಂತೆಯನ್ನು ವರ್ಣಿಸಬಲ್ಲವನಾಗಿ ಲೆಕ್ಕವರಿಯದವನೂ ಅರ್ಧ ಅರ್ಥಶಾಸ್ತ್ರಜ್ಞರೇ. ಅಂಬೇಡ್ಕರರು ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ, 1923ರಲ್ಲಿ ಲಂಡನ್ನಿನಿಂದ ಡಿ.ಎಸ್ಸಿ. ಪಡೆದು, ಅದೇ ವರ್ಷ ರೂಪಾಯಿಯ ಸಮಸ್ಯೆಯನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದವರು. ನಾಣ್ಯದ ಮೌಲ್ಯವನ್ನು ಶಾಸ್ತ್ರೀಯವಾಗಿ ವಿಶ್ಲೇಷಿಸಬಲ್ಲ ವಿದ್ವತ್ತೂ, ಆ ನಾಣ್ಯ ಯಾರ ಕೈಗೆ ತಲುಪುವುದೇ ಇಲ್ಲವೆಂಬ ಅರಿವೂ ಅವರಲ್ಲಿ ಒಂದಾಗಿದ್ದವು.

ಇನ್ನು ಬೋಧಕರು. ಕಾಯಂ ಅಧ್ಯಾಪಕರೆಷ್ಟು, ಅತಿಥಿ ಉಪನ್ಯಾಸಕರೆಷ್ಟು, ಒಂದು ತರಗತಿಯಲ್ಲಿ ಎಷ್ಟು ಮಂದಿ ಎಂದು ಕೇಳುವುದಕ್ಕೆ ಹೆತ್ತವರು ಸಂಕೋಚಪಡಬೇಕಾಗಿಲ್ಲ. ಎಮ್ಮೆ ಕೊಳ್ಳುವಾಗ ಹಲ್ಲು ಹಿಡಿದು ನೋಡುವ ನಾವು ಮಗಳ ಮೂರು ವರ್ಷಗಳನ್ನು ಒಪ್ಪಿಸುವಾಗ ಮುಖಪುಟದ ಚಿತ್ರ ನೋಡಿ ಮರಳುತ್ತೇವೆ. ಸಾಧ್ಯವಾದರೆ ಅಲ್ಲಿ ಓದುತ್ತಿರುವ ಎರಡನೆಯ ವರ್ಷದ ವಿದ್ಯಾರ್ಥಿಗಳನ್ನು ಕಂಡು ಮಾತನಾಡಬೇಕು. ಮೊದಲ ವರ್ಷದವರಿಗೆ ಇನ್ನೂ ಉತ್ಸಾಹವಿರುತ್ತದೆ, ಕೊನೆಯ ವರ್ಷದವರಿಗೆ ಹೊರಡುವ ಅವಸರ. ನಡುವಿನವರು ನಿಜ ಹೇಳುತ್ತಾರೆ.

ಎರಡು ಸಂಸ್ಥೆಗಳ ಸ್ವರೂಪದಲ್ಲಿ ಇನ್ನೊಂದು ಭೇದವುಂಟು. ಅರ್ಥಶಾಸ್ತ್ರಕ್ಕೆಂದೇ ಸ್ಥಾಪಿತವಾದ ವಿಶ್ವವಿದ್ಯಾಲಯದಲ್ಲಿ ಸುತ್ತಲಿನವರೆಲ್ಲರೂ ಅದನ್ನೇ ಓದುವವರು. ಊಟದ ಮೇಜಿನ ಮೇಲೂ ಅದೇ ಚರ್ಚೆ. ವಿಷಯದಲ್ಲಿ ನಿಶ್ಚಿತ ಒಲವುಳ್ಳವರಿಗೆ ಇದರಷ್ಟು ಪುಷ್ಟಿ ನೀಡುವ ವಾತಾವರಣ ಬೇರಿಲ್ಲ. ಹಲವು ವಿಭಾಗಗಳುಳ್ಳ ಹಳೆಯ ಸಂಸ್ಥೆಯಲ್ಲಿ ಇತಿಹಾಸ, ಭಾಷೆ, ವಿಜ್ಞಾನ, ವಾಣಿಜ್ಯಗಳ ನೆರೆಯಿರುತ್ತದೆ. ಹದಿನೆಂಟರ ಹರೆಯದಲ್ಲಿ ಒಲವು ಬದಲಾಗುವುದು ಸಹಜ. ಬದಲಾದರೆ ಅಲ್ಲಿ ತಿರುಗಲು ದಾರಿಯಿದೆ. ಆದುದರಿಂದ ವಿಷಯದಲ್ಲಿ ದೃಢತೆಯಿದ್ದರೆ ಮೊದಲನೆಯದು, ಇನ್ನೂ ಹುಡುಕಾಟದಲ್ಲಿದ್ದರೆ ಎರಡನೆಯದು ಎಂದು ನಾವು ತಿಳಿಯುತ್ತೇವೆ. ಈ ದೃಢತೆ ತಂದೆಯದಾಗಿದ್ದರೆ ಸಾಲದು.

ಪದವಿಯ ಅವಧಿಯ ಪ್ರಶ್ನೆಯೂ ಇದೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ 2021-22ರಲ್ಲಿ ಕರ್ನಾಟಕ ನಾಲ್ಕು ವರ್ಷಗಳ ಪದವಿಯನ್ನು ಜಾರಿಗೆ ತಂದಿತು. ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಬಳಿಕ 2024-25ರಿಂದ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಸಾಮಾನ್ಯ ಪದವಿಗಳು ಮೂರು ವರ್ಷಕ್ಕೆ ಮರಳಿದವು. ಯುಜಿಸಿ ನಿಯಮಗಳಲ್ಲಿ ನಾಲ್ಕು ವರ್ಷದ ಪದವಿಗೆ ಅವಕಾಶ ಮುಂದುವರಿದಿದೆ. ಶೇಕಡಾ 75 ಅಂಕಗಳೊಡನೆ ಅದನ್ನು ಮುಗಿಸಿದವರು ನೇರವಾಗಿ ಪಿಎಚ್.ಡಿ.ಗೆ ಅರ್ಹರೆಂದು 2022ರ ನಿಯಮ ಹೇಳುತ್ತದೆ. ವಿದೇಶದಲ್ಲಿ ಮುಂದಿನ ವ್ಯಾಸಂಗ ಬಯಸುವವರಿಗೆ ಈ ಒಂದು ವರ್ಷ ಮಹತ್ವದ್ದಾಗಬಹುದು. ಬೇಗ ದುಡಿಮೆಗೆ ಇಳಿಯಬೇಕಾದ ಮನೆಗೆ ಅದೇ ವರ್ಷ ಭಾರವಾಗಬಹುದು. ಎರಡೂ ಸಂಸ್ಥೆಗಳ ಕಚೇರಿಯಲ್ಲಿ ಇದನ್ನು ಲಿಖಿತವಾಗಿ ಕೇಳಿ ತಿಳಿಯುವುದು ಲೇಸು.

ಪ್ರವೇಶದ ಪಂಚಾಂಗ ಕುಟುಂಬಗಳನ್ನು ಇನ್ನಷ್ಟು ಕಾಡುತ್ತದೆ. 2022ರಲ್ಲಿ ಆರಂಭವಾದ ಸಿ.ಯು.ಇ.ಟಿ. ಪರೀಕ್ಷೆಯನ್ನು ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲದೆ ಇತರ ಕೆಲವು ಸಂಸ್ಥೆಗಳೂ ಬಳಸುತ್ತವೆ; ಬೆಂಗಳೂರಿನ ಅರ್ಥಶಾಸ್ತ್ರ ವಿಶ್ವವಿದ್ಯಾಲಯವೂ ಅದರ ಅಂಕಗಳ ಮೇಲೆ ಪ್ರವೇಶ ನೀಡಿದೆ. ಈ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದೆಂಬುದು ನಮ್ಮ ಮಕ್ಕಳಲ್ಲಿ ಅನೇಕರಿಗೆ ತಿಳಿಯದು. ಆದರೆ ಫಲಿತಾಂಶ ತಡವಾಗಬಹುದು. 2024ರಲ್ಲಿ ಅದು ಹೊರಬಂದದ್ದು ಜುಲೈ ಕೊನೆಗೆ. ಅಷ್ಟರೊಳಗೆ ಊರಿನ ಸಂಸ್ಥೆಗಳಲ್ಲಿ ಪ್ರವೇಶ ಮುಗಿದಿರುತ್ತದೆ. ಹಾಗಾಗಿ ಇಲ್ಲಿ ಶುಲ್ಕ ಕಟ್ಟಿ ಅಲ್ಲಿಗೆ ಕಾಯುವ ಸ್ಥಿತಿ. ಆಮೇಲೆ ‘ಕಟ್ಟಿದ ಹಣ ಹೋಗುತ್ತದೆ’ ಎಂಬ ಒಂದೇ ಕಾರಣಕ್ಕೆ ಇಲ್ಲಿಯೇ ಉಳಿಯುವವರನ್ನು ನಾವು ಕಂಡಿದ್ದೇವೆ.

ಈ ಭಯಕ್ಕೆ ಎರಡು ಉತ್ತರಗಳಿವೆ. ಒಂದು ಕಾನೂನಿನದು: 2024-25ನೇ ಸಾಲಿಗೆ ಸೆಪ್ಟೆಂಬರ್ 30ರೊಳಗೆ ಪ್ರವೇಶ ರದ್ದುಪಡಿಸಿದವರಿಗೆ ಪೂರ್ಣ ಶುಲ್ಕವನ್ನೂ, ಅಕ್ಟೋಬರ್ 31ರೊಳಗಾದರೆ ಒಂದು ಸಾವಿರ ರೂಪಾಯಿಗೆ ಮೀರದಷ್ಟು ಕಡಿತಮಾಡಿ ಉಳಿದುದನ್ನೂ ಮರಳಿಸಬೇಕೆಂದು ಯುಜಿಸಿ ವಿಧಿಸಿತ್ತು. ಮೂಲ ಅಂಕಪಟ್ಟಿಗಳನ್ನು ಸಂಸ್ಥೆ ತನ್ನಲ್ಲಿಯೇ ಇರಿಸಿಕೊಳ್ಳಬಾರದೆಂಬ ಆದೇಶ 2018ರಲ್ಲೇ ಹೊರಟಿದೆ. ಆಯಾ ವರ್ಷದ ಸುತ್ತೋಲೆಯನ್ನು ನೋಡಿಕೊಂಡು ಹೆತ್ತವರು ಧೈರ್ಯವಾಗಿ ಕೇಳಬೇಕು. ಇನ್ನೊಂದು ಉತ್ತರ ಅರ್ಥಶಾಸ್ತ್ರದ್ದೇ. ಮರಳಿ ಬಾರದ ಖರ್ಚನ್ನು ಮುಂದಿನ ನಿರ್ಧಾರದಲ್ಲಿ ಲೆಕ್ಕಕ್ಕೆ ಹಿಡಿಯಬಾರದು ಎಂಬುದು ಆ ಶಾಸ್ತ್ರದ ಆರಂಭದ ಪಾಠಗಳಲ್ಲೊಂದು. ಕಳೆದುಹೋದ ಹತ್ತು ಸಾವಿರವನ್ನು ಉಳಿಸಲು ಮೂರು ವರ್ಷಗಳನ್ನು ಕಳೆಯುವುದು ಜಾಣತನವಲ್ಲ.

ಹಣದ ಮಾತಿಗೆ ಬಂದೆವು. ಆ ತಂದೆ ಐದು ಲಕ್ಷ ರೂಪಾಯಿ ಶಿಕ್ಷಣ ಸಾಲಕ್ಕೆ ಸಿದ್ಧರಾಗಿದ್ದರು. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆವು. ಓದಿನ ಅವಧಿಯಲ್ಲೂ ಅನಂತರದ ಒಂದು ವರ್ಷವೂ ಕಂತು ಕಟ್ಟಬೇಕಾಗಿಲ್ಲವೆಂಬುದು ನಿಜ. ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಪೂರ್ತಿ ಹಣವನ್ನು ಮೊದಲ ದಿನವೇ ಪಡೆದು, ನೂರಕ್ಕೆ ಹತ್ತರಂತೆ ಸರಳ ಬಡ್ಡಿ ಎಂದಿಟ್ಟುಕೊಂಡರೆ ನಾಲ್ಕು ವರ್ಷಗಳ ಕೊನೆಗೆ ಐದು ಲಕ್ಷ ಏಳು ಲಕ್ಷವಾಗುತ್ತದೆ. ಅದನ್ನು ಅದೇ ಬಡ್ಡಿಯಲ್ಲಿ ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 9,250 ರೂಪಾಯಿ ಬೇಕು. ಒಟ್ಟು ತೆರುವುದು ಹನ್ನೊಂದು ಲಕ್ಷ ದಾಟುತ್ತದೆ. 2024ರ ನವೆಂಬರಿನಲ್ಲಿ ಅನುಮೋದನೆಗೊಂಡ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಜಾಮೀನಿಲ್ಲದ ಸಾಲವೂ, ವಾರ್ಷಿಕ ಆದಾಯ ಎಂಟು ಲಕ್ಷದೊಳಗಿನ ಕುಟುಂಬಗಳಿಗೆ ಶೇಕಡಾ 3ರ ಬಡ್ಡಿ ರಿಯಾಯಿತಿಯೂ ಇದೆ. ಆದರೆ ಅದು ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಬಯಸಿದ ಸಂಸ್ಥೆ ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಅರ್ಜಿಗೆ ಮುನ್ನವೇ ನೋಡಿಕೊಳ್ಳಬೇಕು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಅರ್ಥಶಾಸ್ತ್ರದಲ್ಲಿ ಪದವಿಯೊಂದೇ ಸಾಮಾನ್ಯವಾಗಿ ಕೊನೆಯ ಮೆಟ್ಟಿಲಲ್ಲ. ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಕೂರಬೇಕಾದರೂ ಸ್ನಾತಕೋತ್ತರ ಪದವಿ ಬೇಕು. ಬೋಧನೆಗೂ ಸಂಶೋಧನೆಗೂ ಸಾಮಾನ್ಯವಾಗಿ ಬೇಕು. ಹೀಗಿರುವಾಗ ಮನೆಯ ಸಾಲದ ಶಕ್ತಿಯನ್ನೆಲ್ಲ ಮೊದಲ ಮೆಟ್ಟಿಲಿನಲ್ಲೇ ಬಳಸಿದರೆ ಎರಡನೆಯದಕ್ಕೆ ಏನು ಉಳಿಯಿತು? 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಬಳಿಕ ಹಾರ್ವರ್ಡಿಗೆ ಹೋದವರು. ಊರಿನ ಉತ್ತಮ ಕಾಲೇಜಿನಿಂದ ಆರಂಭಿಸಿದವರಿಗೆ ದೂರದ ದಾರಿ ಮುಚ್ಚಿಹೋಗುವುದಿಲ್ಲ.

ತಾಯಿಯ ಮಾತಿಗೂ ಉತ್ತರಿಸಬೇಕಿತ್ತು. ನಮ್ಮವರ ಸಂಸ್ಥೆಯನ್ನು ಬಿಟ್ಟು ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೋಗುವುದು ಕೃತಘ್ನತೆಯೆಂದು ಕೆಲವರು ಭಾವಿಸುತ್ತಾರೆ. ನಾವು ಹಾಗೆಣಿಸುವುದಿಲ್ಲ. ನೂರಾ ನಲವತ್ತು ವರ್ಷಗಳ ಹಿಂದೆ ಆ ಗುರುಗಳು ಕಾಲೇಜು ಕಟ್ಟಿದುದು ಈ ಜಿಲ್ಲೆಯ ಮಕ್ಕಳು ಎಲ್ಲಿಯಾದರೂ ತಲೆಯೆತ್ತಿ ನಿಲ್ಲಲಿ ಎಂದೇ ಹೊರತು ಅವರನ್ನು ಬೇಲಿಯೊಳಗೆ ಇರಿಸಲಿಕ್ಕಲ್ಲ. ಸಾರ್ವಜನಿಕ ವಿಶ್ವವಿದ್ಯಾಲಯ ನಮ್ಮ ತೆರಿಗೆಯಿಂದ ನಡೆಯುವ ನಮ್ಮದೇ ಆಸ್ತಿ. ನಾಡಿನ ಎಲ್ಲ ಸಮುದಾಯಗಳ ಮಕ್ಕಳೊಡನೆ ಒಂದೇ ಬೆಂಚಿನಲ್ಲಿ ಕುಳಿತು ಬಡತನ, ಕೂಲಿ, ಬೆಲೆಯೇರಿಕೆಗಳ ಬಗ್ಗೆ ಕಲಿಯುವುದು ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಪಠ್ಯದಷ್ಟೇ ಮುಖ್ಯ. ಹಾಗೆಂದು ತಾಯಿಯ ಆತಂಕವನ್ನು ಹಗುರವಾಗಿ ಕಾಣಲಾಗದು. ಹಾಸ್ಟೆಲ್ಲಿನ ಸ್ಥಿತಿ, ರಾತ್ರಿಯ ಓಡಾಟ, ಊಟ, ಕಾಯಿಲೆ ಬಂದಾಗ ನೋಡಿಕೊಳ್ಳುವವರು ಯಾರು ಎಂಬುದನ್ನು ಸ್ವತಃ ಹೋಗಿ ನೋಡಿ ಬನ್ನಿರೆಂದು ಹೇಳಿದೆವು. ಭಯಕ್ಕೆ ಉಪದೇಶಕ್ಕಿಂತ ಕಣ್ಣಾರೆ ಕಾಣುವುದೇ ಒಳ್ಳೆಯ ಮದ್ದು.

ಮಗಳಿಗೆ ನಾವು ಒಂದೇ ಕೆಲಸ ಕೊಟ್ಟೆವು. ಪಿ.ಯು.ಸಿ.ಯ ಬೇಸಿಕ್ ಮ್ಯಾಥ್ಸ್ ಪುಸ್ತಕವನ್ನು ಯಾರಿಂದಲಾದರೂ ಪಡೆದು ಮೂರು ವಾರ ದಿನಕ್ಕೆರಡು ಗಂಟೆ ಕುಳಿತು ನೋಡು. ಆಮೇಲೆ ನಿನ್ನ ಮನಸ್ಸು ಏನು ಹೇಳುತ್ತದೆಂದು ನಮಗೆ ತಿಳಿಸು ಎಂದೆವು. ನಿಜ ಹೇಳಬೇಕೆಂದರೆ ನಾವು ಒಳಗೊಳಗೇ ಊರಿನ ಕಡೆಗೆ ವಾಲಿದ್ದೆವು. ಗಣಿತ ಬಿಟ್ಟು ಎರಡು ವರ್ಷವಾದ ಹುಡುಗಿ, ಸಾಲದ ಅಂಚಿನಲ್ಲಿರುವ ಮನೆ. ಹತ್ತಿರವೇ ಕ್ಷೇಮವೆಂದು ನಮ್ಮ ಎಣಿಕೆಯಾಗಿತ್ತು.

ಮೂರು ವಾರಗಳ ಬಳಿಕ ಅವಳು ಎರಡು ನೋಟುಪುಸ್ತಕ ಹಿಡಿದು ಬಂದಳು. ಒಂದರ ತುಂಬ ಲೆಕ್ಕಗಳು, ಅರ್ಧಕ್ಕಿಂತ ಹೆಚ್ಚು ಹೊಡೆದುಹಾಕಿ ಮತ್ತೆ ಮಾಡಿದವು. ಇನ್ನೊಂದರಲ್ಲಿ ಎರಡೂ ಪಠ್ಯಕ್ರಮಗಳನ್ನು ಅಕ್ಕಪಕ್ಕದಲ್ಲಿ ಬರೆದುಕೊಂಡಿದ್ದಳು. “ಫಾದರ್, ನಿಧಾನವಾಗಿ ಬರುತ್ತದೆ. ಆದರೆ ಬಂದಾಗ ಬಿಡಲು ಮನಸ್ಸಾಗುವುದಿಲ್ಲ” ಎಂದಳು. ಅವಳ ದೃಢತೆ ತಂದೆಯಿಂದ ಎರವಲು ಪಡೆದದ್ದಲ್ಲವೆಂದು ನಮಗೆ ಅಂದು ಮನವರಿಕೆಯಾಯಿತು. ಸಿ.ಯು.ಇ.ಟಿ. ಫಲಿತಾಂಶದ ಬಳಿಕ ಆ ಕುಟುಂಬ ಬೆಂಗಳೂರನ್ನೇ ಆರಿಸಿತು. ತಂದೆ ಐದು ಲಕ್ಷದ ಬದಲು ಎರಡು ಲಕ್ಷವನ್ನಷ್ಟೇ ಸಾಲವಾಗಿ ಪಡೆದು, ಉಳಿದುದನ್ನು ಬೇಕರಿಯ ಆದಾಯದಿಂದ ವರ್ಷವರ್ಷ ಹೊಂದಿಸುವುದೆಂದು ತೀರ್ಮಾನಿಸಿದರು. ತಾಯಿ ಹಾಸ್ಟೆಲ್ಲನ್ನು ಕಂಡು ಬಂದ ಮೇಲೆ ಒಪ್ಪಿದರು, ಪೂರ್ತಿ ಮನಸ್ಸಿನಿಂದಲ್ಲದಿದ್ದರೂ.

ಅವಳು ಊರಿನಲ್ಲೇ ಉಳಿಯುತ್ತೇನೆಂದಿದ್ದರೂ ಅದು ಅಷ್ಟೇ ಒಳ್ಳೆಯ ನಿರ್ಧಾರವಾಗುತ್ತಿತ್ತು, ಅದೇ ನೋಟುಪುಸ್ತಕಗಳ ಆಧಾರದಿಂದ ಆಗಿದ್ದಲ್ಲಿ. ಮುಂದಿನ ವರ್ಷ ಈ ಪ್ರಶ್ನೆ ಇನ್ನಷ್ಟು ಮನೆಗಳಿಗೆ ಬರಲಿದೆ. ಆಗ ಹೆತ್ತವರು ಮೊದಲು ಎರಡು ಪಠ್ಯಕ್ರಮಗಳನ್ನು ತರಿಸಿಕೊಳ್ಳಲಿ, ಸಾಲದ ಲೆಕ್ಕವನ್ನು ಮಕ್ಕಳ ಎದುರಿನಲ್ಲಿಯೇ ಹಾಕಲಿ, ಬಳಿಕ ಮಗುವಿನ ಮಾತನ್ನು ಕೇಳಲಿ. ಮನೆವಾರ್ತೆಯ ಮೊದಲ ಪಾಠ ಆ ಮೇಜಿನಲ್ಲೇ ಆರಂಭವಾಗುತ್ತದೆ.